ಪೆಟ್ಟಿಗೆ ಮತ್ತು ಪತ್ರ

1901ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಫ್ರಾನ್ಸಿನ ವಿಜ್ಞಾನಿ ಹೆನ್ರಿ ಬೆಕೆರೆಲ್ ತನ್ನ ವೇಸ್ಟ್‌ಕೋಟಿನ ಜೇಬಿನಲ್ಲಿ ಒಂದು ಪುಟ್ಟ ಗಾಜಿನ ನಳಿಕೆಯನ್ನು ಇರಿಸಿಕೊಂಡು ಕೆಲವು ಗಂಟೆಗಳ ಕಾಲ ಓಡಾಡಿದನು. ನಳಿಕೆಯೊಳಗೆ ಇದ್ದುದು ಚಿಟಿಕೆಯಷ್ಟು ರೇಡಿಯಂ ಲವಣ. ಅದು ಚುಚ್ಚಲಿಲ್ಲ, ಸುಡಲಿಲ್ಲ, ವಾಸನೆ ಬೀರಲಿಲ್ಲ. ಆದರೆ ಹಲವು ದಿನಗಳ ಅನಂತರ, ಜೇಬಿಗೆ ತಾಗಿದ್ದ ಮೈಯ ಭಾಗ ಕೆಂಪೇರಿತು, ಕೆಂಪು ಹುಣ್ಣಾಯಿತು, ಆ ಹುಣ್ಣು ಮಾಯಲು ವಾರಗಳೇ ಹಿಡಿದವು. ವಿಕಿರಣಪಟುತ್ವವೆಂಬ ಗುಣವನ್ನು 1896ರಲ್ಲಿ ಜಗತ್ತಿಗೆ ತೋರಿಸಿಕೊಟ್ಟ ವಿಜ್ಞಾನಿಯೇ, ಅಂಥ ವಸ್ತುವನ್ನು ಹೇಗೆ ಒಯ್ಯಬಾರದೆಂಬುದನ್ನು ಮೈ ಸುಟ್ಟುಕೊಂಡು ಕಲಿಯಬೇಕಾಯಿತು.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಈ ಪಾಠ ಬಹುಮಟ್ಟಿಗೆ ಮನಸ್ಸಿಗೆ ನಾಟಿತ್ತು. 1921ರ ಮೇ 20ರಂದು ಅಮೆರಿಕದ ಅಧ್ಯಕ್ಷ ಹಾರ್ಡಿಂಗ್ ಶ್ವೇತಭವನದಲ್ಲಿ ಮೇರಿ ಕ್ಯೂರಿಗೆ ಒಂದು ಗ್ರಾಂ ರೇಡಿಯಮ್ಮನ್ನು ಕಾಣಿಕೆಯಾಗಿ ನೀಡಿದನು. ಅಮೆರಿಕದ ಮಹಿಳೆಯರು ಚಂದಾ ಕೂಡಿಸಿ ಒಂದು ಲಕ್ಷ ಡಾಲರು ತೆತ್ತು ಕೊಂಡ ಕಾಣಿಕೆ ಅದು. ಆದರೆ ಸಮಾರಂಭದಲ್ಲಿ ಅವಳ ಕೈಗೆ ಬಂದುದು ರೇಡಿಯಮ್ಮಲ್ಲ, ಅದನ್ನಿರಿಸುವ ಪೆಟ್ಟಿಗೆಯ ಬೀಗದಕೈ. ಒಂದು ಗ್ರಾಮಿನ ಆ ಸರಕನ್ನು ಅಟ್ಲಾಂಟಿಕ್ ಸಾಗರ ದಾಟಿಸಲು ಒಬ್ಬಾಳು ಸುಲಭವಾಗಿ ಎತ್ತಲಾರದಂಥ ಸೀಸದ ಒಳಪದರದ ಪೆಟ್ಟಿಗೆ ಬೇಕಾಯಿತು. ಮೇರಿ ಕ್ಯೂರಿ ಬರೆದಿಟ್ಟ ಟಿಪ್ಪಣಿ ಪುಸ್ತಕಗಳನ್ನು ಇಂದಿಗೂ ಪ್ಯಾರಿಸ್ಸಿನಲ್ಲಿ ಸೀಸದ ಪೆಟ್ಟಿಗೆಗಳೊಳಗೇ ಕಾಪಾಡಲಾಗಿದೆ. ಆ ಪುಟಗಳಿಗೆ ಅಂಟಿದ ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷಗಳು ಬೇಕು. ಬರಹಕ್ಕೇ ಪೆಟ್ಟಿಗೆ ಬೇಕಾದ ವಿಚಿತ್ರ ಪ್ರಸಂಗವಿದು. ಅದಕ್ಕಿಂತ ಹೆಚ್ಚು ವಿಚಾರಮಾಡಬೇಕಾದುದು ಇದರ ತಿರುಗುಮುರುಗಾದ ಪ್ರಶ್ನೆ: ಪೆಟ್ಟಿಗೆಗೆ ಬರಹ ಏಕೆ ಬೇಕು?

ಮೊದಲಿಗೆ, ಇಂಥ ವಸ್ತುಗಳನ್ನು ಊರಿಂದೂರಿಗೆ ಏಕೆ ಸಾಗಿಸಬೇಕೆಂಬ ಸಂದೇಹ ಬರಬಹುದು. ಹುಟ್ಟಿದಲ್ಲಿಯೇ ಬಚ್ಚಿಟ್ಟರೆ ಅಪಾಯವಿಲ್ಲವಲ್ಲ? ಆದರೆ ಅವು ಬೇಕಾಗಿರುವುದು ಬೇರೆಡೆ. ಕ್ಯಾನ್ಸರ್ ಗಡ್ಡೆಯನ್ನು ಸುಡುವ ಕೋಬಾಲ್ಟ್-60 ತಯಾರಾಗುವುದು ಪರಮಾಣು ರಿಯಾಕ್ಟರಿನಲ್ಲಿ. ರೋಗಿ ಮಲಗಿರುವುದು ನೂರಾರು ಮೈಲಿ ಆಚೆಯ ಆಸ್ಪತ್ರೆಯಲ್ಲಿ. ಥೈರಾಯ್ಡ್ ಗ್ರಂಥಿಯ ರೋಗಕ್ಕೆ ಕೊಡುವ ಅಯೋಡಿನ್-131ರ ಅರ್ಧಾಯುಷ್ಯ ಕೇವಲ ಎಂಟು ದಿನ. ನಲವತ್ತು ದಿನ ಉಗ್ರಾಣದಲ್ಲಿ ಕೂಡಿಟ್ಟರೆ ಮೂವತ್ತೆರಡರಲ್ಲಿ ಒಂದು ಪಾಲು ಮಾತ್ರ ಉಳಿದೀತು. ಆದ್ದರಿಂದ ಅದು ಹೂವಿನಂತೆ, ಹಾಲಿನಂತೆ, ಬಾಡುವ ಮೊದಲೇ ಊರು ಸೇರಬೇಕು. ನಮ್ಮ ದೇಶದಲ್ಲಿ ಇಂಥ ಸಮಸ್ಥಾನಿಗಳು ಮುಂಬಯಿಯಿಂದ ವಿಮಾನದಲ್ಲಿಯೂ ರಸ್ತೆಯಲ್ಲಿಯೂ ಹೊರಟು ದೂರದೂರದ ಆಸ್ಪತ್ರೆಗಳನ್ನು ಸೇರುತ್ತವೆ. ಕೊಳವೆಯ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ನೋಡಲು ಇರಿಡಿಯಂ-192 ಕಾರ್ಖಾನೆಗಳಿಗೆ ಹೋಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕೈಗಾ ವಿದ್ಯುತ್ ಸ್ಥಾವರಕ್ಕೆ ಬೇಕಾದ ಯುರೇನಿಯಂ ಇಂಧನದ ಕಟ್ಟುಗಳು ತಯಾರಾಗುವುದು ಹೈದರಾಬಾದಿನಲ್ಲಿ. ಅವೂ ಪಶ್ಚಿಮ ಘಟ್ಟದ ಕಾಡಿನವರೆಗೆ ಪಯಣಿಸಲೇಬೇಕು.

ವಿಕಿರಣದಿಂದ ಮನುಷ್ಯನನ್ನು ಕಾಯುವ ಗೆಳೆಯರಲ್ಲಿ ಮುಖ್ಯವಾದವು ಎರಡು: ದೂರ ಮತ್ತು ತಡೆ. ದೂರವನ್ನು ಎರಡರಷ್ಟು ಮಾಡಿದರೆ ತಾಗುವ ವಿಕಿರಣ ಸುಮಾರು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದರೆ ಲಾರಿಯ ಮೇಲೆ, ವಿಮಾನದ ಹೊಟ್ಟೆಯಲ್ಲಿ ಎಷ್ಟು ದೂರ ತಾನೇ ಸಿಕ್ಕೀತು? ಆದ್ದರಿಂದ ತಡೆಯೇ ಗತಿ. ಕೋಬಾಲ್ಟ್-60 ಸೂಸುವ ಗ್ಯಾಮ ಕಿರಣಗಳು ಸುಮಾರು ನಾಲ್ಕು ಸೆಂಟಿಮೀಟರ್ ದಪ್ಪದ ಸೀಸವನ್ನು ಹಾಯುವಾಗ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತವೆ, ಎಂಟು ಸೆಂಟಿಮೀಟರಿಗೆ ನೂರರಲ್ಲೊಂದು, ಇಪ್ಪತ್ತಕ್ಕೆ ಲಕ್ಷದಲ್ಲೊಂದು. ಪೆನ್ಸಿಲಿನ ತುಂಡಿನಷ್ಟು ಕೋಬಾಲ್ಟಿಗಾಗಿ ಟನ್ನುಗಟ್ಟಲೆ ತೂಗುವ ಪೆಟ್ಟಿಗೆ ಏಕೆಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ. ಸೀಸಕ್ಕೆ ಒಂದು ದೌರ್ಬಲ್ಯವುಂಟು: 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಅದು ಕರಗಿ ನೀರಾಗುತ್ತದೆ. ಆದಕಾರಣ ಸೀಸವನ್ನು ಉಕ್ಕಿನ ಎರಡು ಗೋಡೆಗಳ ನಡುವೆ ಎರಕ ಹೊಯ್ದು, ಹೊರಗೆ ಬೆಂಕಿಯ ಕಾವನ್ನೂ ಹೊಡೆತದ ರಭಸವನ್ನೂ ನುಂಗಿಕೊಳ್ಳುವ ಮರ ಮೊದಲಾದವುಗಳ ಹೊದಿಕೆ ಕೊಡುವುದುಂಟು.

ಇಲ್ಲಿಗೆ ಪೆಟ್ಟಿಗೆ ಸಿದ್ಧವಾಯಿತೆನ್ನೋಣ. ಕಣ್ಣಿಗೆ ಅದು ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಮಡಕೆಯಂತೆ ಬಡಿದು ನೋಡಿ ಇದರ ಗುಣ ಹೇಳಲು ಬಾರದು. ಎರಕದೊಳಗೆ ಗಾಳಿಯ ಗುಳ್ಳೆಯೊಂದು ಉಳಿದಿದ್ದರೆ ಅಲ್ಲಿ ತಡೆ ತೆಳುವಾಗಿರುತ್ತದೆ. ಕಿರಣ ಅಲ್ಲಿಂದ ನುಸುಳುತ್ತದೆ. ನೋಡುವವನಿಗೆ ಏನೂ ಕಾಣುವುದಿಲ್ಲ. ಪೆಟ್ಟಿಗೆಯನ್ನು ಲಾರಿಗೆ ಏರಿಸುವ ಕೂಲಿಯವನು, ಚಾಲಕ, ವಿಮಾನ ನಿಲ್ದಾಣದ ಗುಮಾಸ್ತ, ಪಕ್ಕದಲ್ಲಿ ಹಾದುಹೋಗುವ ಬಸ್ಸಿನ ಪ್ರಯಾಣಿಕ, ಇವರಲ್ಲಿ ಯಾರೂ ಅದನ್ನು ಪರೀಕ್ಷಿಸಲಾರರು. ಅವರು ನಂಬಬೇಕು. ಆ ನಂಬಿಕೆಗೆ ಆಧಾರವಾಗಿ ಯಾರೋ ಮೊದಲೇ ಪರೀಕ್ಷಿಸಿರಬೇಕು, ಪರೀಕ್ಷಿಸಿದ್ದನ್ನು ಬರೆದಿರಬೇಕು, ಬರೆದದ್ದನ್ನು ಮತ್ತೊಬ್ಬರು ಓದಿ ಒಪ್ಪಿರಬೇಕು.

ವಿನೋದವೆಂದರೆ, ಈ ಬಗೆಯ ನಿಯಮಗಳಿಗೆ ಅಮೆರಿಕದಲ್ಲಿ ಮೊದಲ ಕಾರಣವಾದುದು ಮನುಷ್ಯನ ಮೈಯಲ್ಲ, ಛಾಯಾಚಿತ್ರದ ಫಿಲ್ಮು. 1930ರ ದಶಕದಲ್ಲಿ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಹೋಗುತ್ತಿದ್ದ ರೇಡಿಯಂ ಪೊಟ್ಟಣಗಳ ಪಕ್ಕದಲ್ಲಿ ಕುಳಿತ ಫಿಲ್ಮುಗಳು, ತೆರೆಯುವ ಮೊದಲೇ ಮಸುಕಾಗಿ ಕೆಟ್ಟುಹೋಗುತ್ತಿದ್ದವು. ಆಗ ಎದ್ದ ದೂರುಗಳ ಫಲವಾಗಿ, ಪೊಟ್ಟಣದಿಂದ ಎಷ್ಟು ವಿಕಿರಣ ಹೊರಬೀಳಬಹುದೆಂಬ ಮಿತಿಗಳು 1940ರ ದಶಕದಲ್ಲಿ ರೂಪುಗೊಂಡವು. ಮಾತನಾಡದ ಫಿಲ್ಮು ಮನುಷ್ಯನಿಗಿಂತ ಮೊದಲು ಸಾಕ್ಷಿ ನುಡಿಯಿತು. ಅನಂತರ 1957ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 1961ರಲ್ಲಿ ವಿಕಿರಣಪಟು ವಸ್ತುಗಳ ಸಾಗಣೆಯ ನಿಯಮಾವಳಿಯನ್ನು ಮೊದಲ ಬಾರಿಗೆ ಪ್ರಕಟಿಸಿತು. ಹಲವು ಸಲ ಪರಿಷ್ಕಾರಗೊಂಡ ಆ ನಿಯಮಾವಳಿಯೇ ಇಂದು ಬಹುತೇಕ ರಾಷ್ಟ್ರಗಳ ಕಾನೂನಿಗೆ ತಳಹದಿ. ಭಾರತದಲ್ಲಿ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಈ ಕಾರ್ಯದ ಮೇಲ್ವಿಚಾರಣೆ ನಡೆಸುತ್ತದೆ.

ಎಲ್ಲ ಸರಕಿಗೂ ಒಂದೇ ಪೆಟ್ಟಿಗೆಯೆಂಬ ನಿಯಮವಿಲ್ಲ. ಅಲ್ಪ ಪ್ರಮಾಣದ ಔಷಧಿಗೆ ಎ ವರ್ಗದ ಪೊಟ್ಟಣ ಸಾಕು. ಅದು ಒಡೆದರೂ ಆಗುವ ಹಾನಿ ಮಿತವಾಗಿರುವಂತೆ ಒಳಗಿನ ವಸ್ತುವಿನ ಪ್ರಮಾಣಕ್ಕೇ ಮಿತಿಯಿರುತ್ತದೆ. ಮಳೆ, ಕೈಜಾರಿ ಬೀಳುವುದು, ಮೇಲೆ ಬೇರೆ ಮೂಟೆಗಳನ್ನು ಹೇರುವುದು ಮೊದಲಾದ ದಿನನಿತ್ಯದ ಕಿರುಕುಳಗಳನ್ನು ಅದು ತಾಳಿಕೊಂಡರಾಯಿತು. ಆಸ್ಪತ್ರೆಯ ಕೋಬಾಲ್ಟಿನಂಥ ಪ್ರಬಲ ಮೂಲಕ್ಕೆ ಬೇಕಾದುದು ಬಿ ವರ್ಗದ ಪೆಟ್ಟಿಗೆ. ಇದು ಒಡೆಯಲೇ ಕೂಡದು. ಇದರ ಪರೀಕ್ಷೆ ನಿಜಕ್ಕೂ ಅಗ್ನಿಪರೀಕ್ಷೆಯೇ ಸರಿ.

ಮೊದಲು ಮಾದರಿ ಪೆಟ್ಟಿಗೆಯನ್ನು ಒಂಬತ್ತು ಮೀಟರ್ ಎತ್ತರದಿಂದ ಕೆಡವುತ್ತಾರೆ. ಅಷ್ಟು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 48 ಕಿಲೋಮೀಟರ್. ಲೆಕ್ಕ ಬಲ್ಲ ವಿದ್ಯಾರ್ಥಿ ಇಲ್ಲಿ ಆಕ್ಷೇಪಿಸಬಹುದು: ಹೆದ್ದಾರಿಯಲ್ಲಿ ಲಾರಿ ಅದಕ್ಕಿಂತ ವೇಗವಾಗಿ ಓಡುತ್ತದೆಯಲ್ಲ? ಆಕ್ಷೇಪ ಸರಿಯಾದುದೇ, ಆದರೆ ಅದರ ಉತ್ತರ ವೇಗದಲ್ಲಿಲ್ಲ, ನೆಲದಲ್ಲಿದೆ. ಪೆಟ್ಟಿಗೆ ಬೀಳುವುದು ಮಣ್ಣಿನ ಮೇಲಾಗಲಿ ಡಾಂಬರಿನ ಮೇಲಾಗಲಿ ಅಲ್ಲ. ಪೆಟ್ಟಿಗೆಗಿಂತ ಹತ್ತಾರು ಪಟ್ಟು ಭಾರವಾದ ಕಾಂಕ್ರೀಟ್ ದಿಮ್ಮಿಯ ಮೇಲೆ ಬಿಗಿದ ದಪ್ಪ ಉಕ್ಕಿನ ಹಲಗೆಯ ಮೇಲೆ. ಆ ನೆಲ ಕಿಂಚಿತ್ತೂ ಮಣಿಯುವುದಿಲ್ಲ. ನಿಜವಾದ ಅಪಘಾತದಲ್ಲಿ ಲಾರಿ ನಜ್ಜುಗುಜ್ಜಾಗುತ್ತದೆ, ಸೇತುವೆಯ ಕಂಬ ಬಿರಿಯುತ್ತದೆ, ಮಣ್ಣು ಕುಸಿಯುತ್ತದೆ. ಹೊಡೆತದ ಶಕ್ತಿಯನ್ನು ಎಲ್ಲವೂ ಸ್ವಲ್ಪಸ್ವಲ್ಪ ಹಂಚಿಕೊಳ್ಳುತ್ತವೆ. ಪರೀಕ್ಷಾಂಗಣದಲ್ಲಿ ಹಂಚಿಕೊಳ್ಳುವವರಿಲ್ಲ. ಇಡೀ ಹೊಡೆತ ಪೆಟ್ಟಿಗೆಯದೇ. ಅದೂ ಬುಡ ಊರಿ ನೆಟ್ಟಗೆ ಬೀಳುವಂತೆ ಬಿಡುವುದಲ್ಲ. ಮುಚ್ಚಳವೋ ಮೂಲೆಯೋ, ಎಲ್ಲಿ ತಾಗಿದರೆ ಅತಿ ಹೆಚ್ಚು ಕೇಡಾಗುವುದೋ ಅಲ್ಲಿಯೇ ತಾಗುವಂತೆ ತೂಗುಹಾಕಿ ಬಿಡುತ್ತಾರೆ. ಒಂದು ಮೀಟರ್ ಮೇಲಿನಿಂದ, ನೆಟ್ಟಗೆ ನಿಲ್ಲಿಸಿದ 15 ಸೆಂಟಿಮೀಟರ್ ಅಗಲದ ಉಕ್ಕಿನ ಗೂಟದ ಮೇಲೂ ಅದನ್ನು ಕೆಡವುತ್ತಾರೆ.

ಇಷ್ಟು ಪೆಟ್ಟು ತಿಂದ ಅದೇ ಪೆಟ್ಟಿಗೆಯನ್ನು ಅನಂತರ 800 ಡಿಗ್ರಿ ಉಷ್ಣತೆಯ ಬೆಂಕಿಯಲ್ಲಿ ಅರ್ಧ ಗಂಟೆ ಇಡಲಾಗುತ್ತದೆ. ಹೊರತೆಗೆದ ಮೇಲೆ ನೀರೆರಚಿ ತಣಿಸುವಂತಿಲ್ಲ; ತಾನಾಗಿಯೇ ಆರಬೇಕು. ನೀರಿನಲ್ಲಿ ಮುಳುಗಿಸುವ ಪರೀಕ್ಷೆಯೂ ಉಂಟು: 15 ಮೀಟರ್ ಆಳದ ಒತ್ತಡದಲ್ಲಿ ಎಂಟು ಗಂಟೆ. ಬಳಸಿದ ಪರಮಾಣು ಇಂಧನದಂಥ ಅತಿ ಪ್ರಬಲ ಸರಕಿನ ಪೆಟ್ಟಿಗೆಯಾದರೆ 200 ಮೀಟರ್ ಆಳದ ಒತ್ತಡವನ್ನು ಒಂದು ಗಂಟೆ ತಾಳಬೇಕು. ಬಿದ್ದು, ಚುಚ್ಚಿಸಿಕೊಂಡು, ಬೆಂದ ಮೇಲೂ ಅದರಿಂದ ಒಂದು ಮೀಟರ್ ದೂರದಲ್ಲಿ ವಿಕಿರಣದ ಪ್ರಮಾಣ ಗಂಟೆಗೆ 10 ಮಿಲಿಸೀವರ್ಟ್ ಮೀರಕೂಡದು.

ಒಮ್ಮೆ ಇಂಥ ಪರೀಕ್ಷೆಯನ್ನು ಇಡೀ ಲೋಕವೇ ನೋಡುವಂತೆ ನಡೆಸಿದ್ದುಂಟು. ಬ್ರಿಟನ್ನಿನಲ್ಲಿ ಬಳಸಿದ ಪರಮಾಣು ಇಂಧನವನ್ನು ರೈಲಿನಲ್ಲಿ ಸಾಗಿಸುವುದರ ಬಗ್ಗೆ ಜನರಲ್ಲಿ ಭಯವಿತ್ತು. 1984ರ ಜುಲೈ 17ರಂದು ಲೆಸ್ಟರ್‌ಷೈರಿನ ಓಲ್ಡ್ ಡಾಲ್ಬಿ ಎಂಬಲ್ಲಿ, ಸುಮಾರು 48 ಟನ್ ತೂಕದ ಉಕ್ಕಿನ ಇಂಧನಪೆಟ್ಟಿಗೆಯನ್ನು ಹಳಿಗೆ ಅಡ್ಡವಾಗಿರಿಸಿ, ಚಾಲಕನಿಲ್ಲದ ಒಂದು ರೈಲನ್ನು ಅದರ ಮೇಲೆ ನುಗ್ಗಿಸಿದರು. ಮೂರು ಬೋಗಿಗಳನ್ನು ಎಳೆದುಕೊಂಡು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬಂದ ಎಂಜಿನ್ನು ಪೆಟ್ಟಿಗೆಗೆ ಅಪ್ಪಳಿಸಿ ಛಿದ್ರವಾಯಿತು. ಪೆಟ್ಟಿಗೆಯ ಮೈಯಲ್ಲಿ ಗೀರುಗಳಾದವು. ಒಳಗೆ ತುಂಬಿದ್ದ ಒತ್ತಡ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು. ದೂರದರ್ಶನದಲ್ಲಿ ನೋಡಿದವರಿಗೆ ಅದು ಮರೆಯಲಾಗದ ದೃಶ್ಯ. ಆದರೆ ಎಂಜಿನಿಯರುಗಳ ದೃಷ್ಟಿಯಲ್ಲಿ, ಸದ್ದುಗದ್ದಲವಿಲ್ಲದೆ ಒಂಬತ್ತು ಮೀಟರಿನಿಂದ ಕೆಡವುವ ಪರೀಕ್ಷೆಯೇ ಪೆಟ್ಟಿಗೆಗೆ ಹೆಚ್ಚು ಕಠಿನವಾದುದು. ಮೊದಲನೆಯದು ಜನರ ಕಣ್ಣಿಗೆ, ಎರಡನೆಯದು ಕಡತಕ್ಕೆ.

ಆ ಕಡತದ ಸ್ವರೂಪವನ್ನು ತುಸು ನೋಡಬೇಕು. ಪೆಟ್ಟಿಗೆಯ ವಿನ್ಯಾಸಕಾರನು ಸುರಕ್ಷತಾ ವರದಿಯೊಂದನ್ನು ಸಿದ್ಧಪಡಿಸಿ ಸರ್ಕಾರದ ಅಧಿಕೃತ ಸಂಸ್ಥೆಗೆ ಒಪ್ಪಿಸಬೇಕು. ಅದರಲ್ಲಿ ಪ್ರತಿಯೊಂದು ಬೋಲ್ಟಿನ ಅಳತೆಯೂ ಇರುವ ನಕ್ಷೆ, ಬಳಸಿದ ಉಕ್ಕು ಎಂಥದೆಂಬುದರ ಪ್ರಮಾಣ, ಬೆಸುಗೆಗಳ ತಪಾಸಣೆ, ತಡೆಯ ದಪ್ಪದ ಲೆಕ್ಕಾಚಾರ, ಬೀಳಿಸಿದ ಹಾಗೂ ಸುಟ್ಟ ಪರೀಕ್ಷೆಗಳ ಛಾಯಾಚಿತ್ರ ಮತ್ತು ಅಳತೆಗಳು ಇರುತ್ತವೆ. ಪೆಟ್ಟಿಗೆಯನ್ನು ತುಂಬುವ, ಮುಚ್ಚುವ, ತೆರೆಯುವ ಕ್ರಮವನ್ನೂ, ಎಷ್ಟು ಕಾಲಕ್ಕೊಮ್ಮೆ ಏನನ್ನು ಬದಲಾಯಿಸಬೇಕೆಂಬುದನ್ನೂ ಅದರಲ್ಲಿ ಬರೆಯಬೇಕು. ವರದಿಯನ್ನು ಓದುವ ತಜ್ಞರ ಕೆಲಸ ಹೊಗಳುವುದಲ್ಲ, ಸಂಶಯಪಡುವುದು. ಬೆಂಕಿಯಲ್ಲಿ ರಬ್ಬರಿನ ಬಿರಡೆ ಸುಟ್ಟರೆ ಏನಾದೀತು? ಚಳಿಯಲ್ಲಿ ಉಕ್ಕು ಪೆಡಸಾದರೆ? ಮಾದರಿಯಲ್ಲಿ ಇದ್ದ ಬೆಸುಗೆ ಹತ್ತನೆಯ ಪೆಟ್ಟಿಗೆಯಲ್ಲಿಯೂ ಅಷ್ಟೇ ಚೆನ್ನಾಗಿರುವುದೆಂದು ಹೇಗೆ ನಂಬುವುದು? ಇಂಥ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ದೊರೆತ ಮೇಲೆಯೇ ವಿನ್ಯಾಸಕ್ಕೆ ಒಪ್ಪಿಗೆಪತ್ರ ಸಿಗುವುದು. ಅದೂ ಶಾಶ್ವತವಲ್ಲ, ಅವಧಿ ಮುಗಿದೊಡನೆ ಮತ್ತೆ ಪರಿಶೀಲನೆಗೆ ಬರಬೇಕು.

ಇದು ಪೆಟ್ಟಿಗೆಯ ಜನ್ಮಪತ್ರಿಕೆಯಾಯಿತು. ಪ್ರತಿ ಪಯಣಕ್ಕೂ ಬೇರೊಂದು ಬರಹವಿದೆ. ಸರಕನ್ನು ಕಳುಹಿಸುವವನು ಮುಚ್ಚಳದ ಬೋಲ್ಟುಗಳು ಬಿಗಿಯಾಗಿವೆಯೇ ಎಂದು ನೋಡಬೇಕು. ಪೆಟ್ಟಿಗೆಯ ಹೊರಮೈಯನ್ನು ಒರಸಿ, ಒರಸಿದ ಕಾಗದಕ್ಕೆ ವಿಕಿರಣಪಟು ಧೂಳು ಹತ್ತಿದೆಯೇ ಎಂದು ಪರೀಕ್ಷಿಸಬೇಕು. ಮೈಗೆ ತಾಗಿಸಿ ಒಮ್ಮೆ, ಒಂದು ಮೀಟರ್ ದೂರ ನಿಂತು ಒಮ್ಮೆ, ಸುತ್ತಲೂ ಉಪಕರಣದಿಂದ ಅಳೆಯಬೇಕು. ಸಾಮಾನ್ಯ ಸಾಗಣೆಯಲ್ಲಿ ಪೆಟ್ಟಿಗೆಯ ಹೊರಮೈಯ ಮೇಲೆ ಗಂಟೆಗೆ 2 ಮಿಲಿಸೀವರ್ಟ್, ಒಂದು ಮೀಟರ್ ದೂರದಲ್ಲಿ 0.1 ಮಿಲಿಸೀವರ್ಟ್, ಇವು ಮೀರಬಾರದ ಗಡಿಗಳು. ಭೂಮಿಯ ಮೇಲೆ ಬದುಕುವ ಮನುಷ್ಯನೊಬ್ಬನಿಗೆ ಮಣ್ಣು, ಗಾಳಿ, ಆಕಾಶಗಳಿಂದ ಸಹಜವಾಗಿ ಬರುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್. ಎಂದರೆ, ಗಡಿಯಂಚಿನಲ್ಲಿರುವ ಪೆಟ್ಟಿಗೆಯೊಂದನ್ನು ಒಂದು ಗಂಟೆಗಿಂತ ತುಸು ಹೆಚ್ಚು ಕಾಲ ಅಪ್ಪಿ ಕುಳಿತರೆ ವರ್ಷದ ಪಾಲು ಬಂದಂತಾಯಿತು. ಕೂಲಿಯವನು ಪೆಟ್ಟಿಗೆಗೆ ಒರಗಿ ಊಟ ಮಾಡಬಾರದೆನ್ನುವುದು ಇದಕ್ಕಾಗಿಯೇ.

ಅಳತೆಯ ಫಲ ಚೀಟಿಯ ಮೇಲೆ ಬರುತ್ತದೆ. ಬಿಳಿಯ ಚೀಟಿಯಲ್ಲಿ ಒಂದು ಕೆಂಪು ಗೆರೆಯಿದ್ದರೆ ಹೊರಗೆ ಬರುವ ವಿಕಿರಣ ಅತ್ಯಲ್ಪ; ಹಳದಿಯ ಮೇಲೆ ಎರಡು ಗೆರೆಯಾದರೆ ಹೆಚ್ಚು; ಮೂರಾದರೆ ಇನ್ನೂ ಹೆಚ್ಚು. ಹಳದಿ ಚೀಟಿಯಲ್ಲಿ ಸಾಗಣೆಯ ಸೂಚ್ಯಂಕವೆಂಬ ಅಂಕಿಯೊಂದನ್ನು ಬರೆಯುತ್ತಾರೆ. ಒಂದು ಮೀಟರ್ ದೂರದಲ್ಲಿ ಗಂಟೆಗೆ ಎಷ್ಟು ಮಿಲಿಸೀವರ್ಟ್ ಇದೆಯೋ ಅದನ್ನು ನೂರರಿಂದ ಗುಣಿಸಿದರೆ ಆ ಅಂಕಿ ಬರುತ್ತದೆ. 0.02 ಇದ್ದರೆ ಸೂಚ್ಯಂಕ 2. ಭೌತಶಾಸ್ತ್ರವನ್ನೇ ಓದದ ಗುಮಾಸ್ತನೂ ಲಾರಿಯಲ್ಲಿನ ಅಂಕಿಗಳನ್ನು ಕೂಡಿ, ಮೊತ್ತ ಮಿತಿಯೊಳಗಿದೆಯೇ ಎಂದು ಹೇಳಬಲ್ಲನು. ವಿಜ್ಞಾನವನ್ನು ಕೂಡುವ ಲೆಕ್ಕಕ್ಕೆ ಇಳಿಸಿದ ಈ ಜಾಣ್ಮೆ ಮೆಚ್ಚತಕ್ಕದ್ದು. ಒಳಗಿನ ವಸ್ತುವಿನ ಹೆಸರನ್ನೂ ಅದರ ಪಟುತ್ವವನ್ನೂ ಅದೇ ಚೀಟಿಯಲ್ಲಿ ಕಾಣಿಸುತ್ತಾರೆ. ಪಟುತ್ವವನ್ನು ಅಳೆಯುವ ಮಾನದ ಹೆಸರು ಬೆಕೆರೆಲ್; ಜೇಬಿನಲ್ಲಿ ರೇಡಿಯಂ ಇಟ್ಟುಕೊಂಡು ತಿರುಗಿದವನ ಹೆಸರೇ. ಇದಲ್ಲದೆ, ಬೆಂಕಿ ಹತ್ತಿದರೆ, ಲಾರಿ ಮಗುಚಿದರೆ ಏನು ಮಾಡಬೇಕು, ಯಾರಿಗೆ ತಿಳಿಸಬೇಕೆಂಬ ಸೂಚನಾಪತ್ರವನ್ನು ಚಾಲಕನ ಕೈಗೆ ಕೊಟ್ಟಿರಬೇಕು.

ಇಷ್ಟೆಲ್ಲ ಕಾಗದಪತ್ರಗಳು ಕಚೇರಿಯ ರಗಳೆಯೆಂದು ತೋರುವುದು ಸಹಜ. ಹಾಗೆ ತೋರಿದವರಿಗೆ 2002ರ ಮಾರ್ಚ್ 11ರ ಘಟನೆಯೊಂದಿದೆ. ಅಂದು ಇಂಗ್ಲೆಂಡಿನ ಲೀಡ್ಸ್ ನಗರದ ಆಸ್ಪತ್ರೆಯಿಂದ, ಕೆಲಸ ಮುಗಿಸಿದ ಕೋಬಾಲ್ಟ್-60 ಮೂಲವೊಂದನ್ನು ಬಿ ವರ್ಗದ ಪೆಟ್ಟಿಗೆಯಲ್ಲಿರಿಸಿ ಲಾರಿಯಲ್ಲಿ ಸೆಲ್ಲಾಫೀಲ್ಡಿಗೆ ಕಳುಹಿಸಲಾಯಿತು. ದಾರಿ ಸುಮಾರು 210 ಕಿಲೋಮೀಟರ್. ಪೆಟ್ಟಿಗೆ ಗಟ್ಟಿಯಾದುದೇ. ಆದರೆ ಅದರ ಬುಡದ ತೂತನ್ನು ಮುಚ್ಚಬೇಕಾಗಿದ್ದ ತಡೆಯ ಬಿರಡೆಯನ್ನು ಹಾಕಿರಲಿಲ್ಲ. ಹಂತಹಂತವಾಗಿ ನೋಡಿ ಖಚಿತಪಡಿಸಿಕೊಳ್ಳಬೇಕಾದ ಕ್ರಮ ನಡೆದಿರಲಿಲ್ಲ. ಆ ತೂತಿನಿಂದ ಹೊರಟ ಪ್ರಬಲ ಕಿರಣ ನೇರವಾಗಿ ಕೆಳಮುಖವಾಗಿ, ರಸ್ತೆಯ ನೆಲದೊಳಕ್ಕೆ ಇಳಿಯುತ್ತ, ದಾರಿಯುದ್ದಕ್ಕೂ ಲಾರಿಯೊಡನೆ ಸಾಗಿತು. ಗುರಿ ಸೇರಿದ ಮೇಲೆಯೇ ಅದು ಗೊತ್ತಾದುದು. ಯಾರಿಗೂ ಹಾನಿಯಾದಂತೆ ಕಂಡುಬರಲಿಲ್ಲ. ಏಕೆಂದರೆ ಕಿರಣ ಕೆಳಗೆ ನೋಡುತ್ತಿತ್ತು. ಅದೇ ತೂತು ಪಕ್ಕಕ್ಕೆ ತಿರುಗಿದ್ದರೆ, ಬೀದಿಯಲ್ಲಿ ನಿಂತವರ, ಹಿಂದಿನ ವಾಹನದಲ್ಲಿ ಕುಳಿತವರ ಮೈಯೊಳಗೆ ಹಾಯುತ್ತಿತ್ತು. 2006ರಲ್ಲಿ ನ್ಯಾಯಾಲಯವು ಹೊಣೆಯಾದ ಕಂಪನಿಗೆ ಎರಡೂವರೆ ಲಕ್ಷ ಪೌಂಡುಗಳ ದಂಡ ವಿಧಿಸಿತು.

ಅಲ್ಲಿ ಸೋತದ್ದು ಉಕ್ಕಲ್ಲ, ಸೀಸವಲ್ಲ. ಒಂಬತ್ತು ಮೀಟರಿನಿಂದ ಬಿದ್ದರೂ ಒಡೆಯದ ಪೆಟ್ಟಿಗೆ, ಬಿರಡೆಯಿದೆಯೇ ಎಂದು ಬಗ್ಗಿ ನೋಡದ ಕಣ್ಣಿನ ಮುಂದೆ ನಿರುಪಯುಕ್ತವಾಯಿತು. ಪರಿಶೀಲನಾ ಪಟ್ಟಿಯಲ್ಲಿ ಒಂದು ಸಾಲಿನ ಎದುರು ಹಾಕುವ ಸಹಿಗೆ ಅರ್ಥವಿರುವುದು, ಹಾಕಿದವನು ಅದನ್ನು ತನ್ನ ಕಣ್ಣಾರೆ ಕಂಡಿದ್ದರೆ ಮಾತ್ರ. ನೋಡದೆ ಹಾಕಿದ ಸಹಿ ಖಾಲಿ ಜಾಗಕ್ಕಿಂತಲೂ ಕೆಟ್ಟದ್ದು. ಖಾಲಿ ಜಾಗವಾದರೂ ಮುಂದಿನವನಲ್ಲಿ ಸಂಶಯ ಹುಟ್ಟಿಸುತ್ತದೆ. ಸರಕನ್ನು ಪಡೆಯುವವನೂ ಬಾಗಿಲಲ್ಲಿಯೇ ಮತ್ತೊಮ್ಮೆ ಅಳೆದು ನೋಡುವುದು ಈ ಕಾರಣಕ್ಕೆ. ಸರಕನ್ನು ಇಳಿಸಿಕೊಂಡು ಬರಿದಾದ ಪೆಟ್ಟಿಗೆಯನ್ನು ಹಿಂದಿರುಗಿಸುವಾಗ ಸಹ ಅದು ಬರಿದೇ ಎಂದು ಅಳೆದು, ಬರೆದು, ಸಹಿ ಹಾಕಿಯೇ ಕಳುಹಿಸಬೇಕು.

ಲಾರಿ ಹೊತ್ತಿ ಉರಿದರೆ ಚಾಲಕನ ಬಳಿಯ ಪತ್ರಗಳೂ ಪೆಟ್ಟಿಗೆಗೆ ಅಂಟಿಸಿದ ಚೀಟಿಗಳೂ ಬೂದಿಯಾಗುತ್ತವೆ. ನಿಯಮ ಮಾಡಿದವರು ಅದನ್ನೂ ಎಣಿಸಿದ್ದಾರೆ. ಬಿ ವರ್ಗದ ಪೆಟ್ಟಿಗೆಯ ಹೊರಮೈಯ ಮೇಲೆ ಮೂರು ದಳಗಳ ವಿಕಿರಣ ಚಿಹ್ನೆಯನ್ನು, ಬೆಂಕಿಗೂ ನೀರಿಗೂ ಅಳಿಸಿಹೋಗದ ಹಾಗೆ, ಲೋಹದಲ್ಲಿಯೇ ಕೊರೆದೋ ಒತ್ತಿಯೋ ಮೂಡಿಸಿರಬೇಕು. ಹೊಗೆಯಾರಿದ ಮೇಲೆ ಅವಶೇಷಗಳ ನಡುವೆ ಬರುವ ಅಗ್ನಿಶಾಮಕ ದಳದವನಿಗೆ, ಮಸಿ ಒರಸಿದರೆ, ಆ ಮೂರು ದಳಗಳು ಕಾಣುತ್ತವೆ.